ಬಿಬಿಎ ಟೂರಿಸಂ ಓದೋದು ಹೇಗೆ: ಮೂರು ವರ್ಷ, ಒಂದೇ ಊರು, ಒಂದು ಲೆಕ್ಕದ ಪುಸ್ತಕ

ಪಿಯುಸಿ ಮುಗಿಸಿ ಬಿಬಿಎ ಟೂರಿಸಂ ತಗೊಳ್ಳೋಣ್ವಾ ಅಂತ ಯೋಚ್ನೆ ಮಾಡ್ತಿರೋರು, ಈಗಾಗ್ಲೇ ಸೇರ್ಕೊಂಡು ಮೊದಲ ಸೆಮಿಸ್ಟರ್‌ನಲ್ಲಿ "ಇದೇನಪ್ಪ, ಟೂರಿಸಂ ಅಂದ್ರು, ಬರೀ ಅಕೌಂಟ್ಸಿನ ಜರ್ನಲ್ ಎಂಟ್ರಿ ಬರೆಸ್ತಿದಾರೆ" ಅಂತ ತಲೆ ಕೆರ್ಕೊಳ್ತಿರೋರು, ಇಬ್ರಿಗೂ ಸೇರ್ಸೇ ಇದನ್ನ ಬರೀತಿದೀನಿ. ನಾನು ಇದೇ ಕೋರ್ಸ್ ಓದಿ ಈಗ ಮೈಸೂರಲ್ಲಿ ಟೂರ್ ಆಪರೇಷನ್ಸ್ ನೋಡ್ಕೊಳ್ತೀನಿ, ಫ್ರೆಶರ್ಸ್ ಇಂಟರ್‌ವ್ಯೂಗೂ ಕೂತ್ಕೊಳ್ತೀನಿ, ಹಾಗಾಗಿ ಟೇಬಲ್ಲಿನ ಈ ಕಡೆ ಕೂತು ಏನು ಕಾಣ್ಸತ್ತೋ ಅದನ್ನೇ ಜಾಸ್ತಿ ಹೇಳ್ತೀನಿ.

ಮೊದ್ಲೇ ಹೇಳ್ಬಿಡ್ತೀನಿ, ಈ ಡಿಗ್ರಿಯಲ್ಲಿ ಕೆಲಸ ಕೊಡಿಸೋದು ಬಿಸಿನೆಸ್ ಅನ್ನೋ ಅರ್ಧ, ಆದ್ರೆ ಆ ಬಿಸಿನೆಸ್ ತಲೆಗೆ ಹತ್ಬೇಕು ಅಂದ್ರೆ ಕಣ್ಣ ಮುಂದೆ ಒಂದು ನಿಜವಾದ ಊರು ಇರ್ಬೇಕು. ಅದಕ್ಕೆ ನನ್ನ ಸಲಹೆ ಇಷ್ಟೇ, ಮೊದಲ ಸೆಮಿಸ್ಟರ್‌ನಲ್ಲೇ ಒಂದು ಜಾಗ ಆರಿಸ್ಕೊಳ್ಳಿ, ಮೂರು ವರ್ಷ ಬರೋ ಪ್ರತಿ ಸಬ್ಜೆಕ್ಟನ್ನೂ ಅದೇ ಜಾಗದ ಮೇಲೆ ಹಾಕಿ ನೋಡಿ. ಹೇಗೆ ಅಂತ ಕೆಳಗೆ ಹೇಳ್ತೀನಿ, ಅದಕ್ಕೂ ಮುಂಚೆ ಸೀಟಿನ ವಿಷಯ.

ಸೇರೋ ಮುಂಚೆ ನೋಡ್ಕೋಬೇಕಾದ್ದು

ಹೆಸರುಗಳ ಗೊಂದಲ ಬಹಳ ಇದೆ. ಬಿಬಿಎ ಟೂರಿಸಂ ಅಂಡ್ ಟ್ರಾವೆಲ್, ಬಿಟಿಟಿಎಂ (ಬ್ಯಾಚುಲರ್ ಆಫ್ ಟೂರಿಸಂ ಅಂಡ್ ಟ್ರಾವೆಲ್ ಮ್ಯಾನೇಜ್‌ಮೆಂಟ್), ಟೂರಿಸಂ ಒಂದು ಐಚ್ಛಿಕ ವಿಷಯವಾಗಿರೋ ಬಿಎ, ಹೀಗೆ ಕಾಲೇಜಿಗೊಂದು ಬೋರ್ಡು. ಹೋಟೆಲ್ ಮ್ಯಾನೇಜ್‌ಮೆಂಟ್ ಬೇರೇನೇ ದಾರಿ, ಅದ್ರಲ್ಲಿ ಅಡುಗೆಮನೆ, ಹೌಸ್‌ಕೀಪಿಂಗ್, ಫ್ರಂಟ್ ಆಫೀಸ್ ಪ್ರಾಕ್ಟಿಕಲ್ಸ್ ಜಾಸ್ತಿ, ಐಎಚ್‌ಎಂ ಅನ್ನೋ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಎನ್‌ಸಿಎಚ್‌ಎಂ ಜೆಇಇ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, ಮಣಿಪಾಲದಲ್ಲಿ 1986ರಿಂದ ಇರೋ ವೆಲ್ಕಮ್‌ಗ್ರೂಪ್ ಸಂಸ್ಥೆ ಕೂಡ ಇದೇ ಸಾಲಿಗೆ ಸೇರತ್ತೆ. ಕೈಯಲ್ಲಿ ಚಾಕು ಹಿಡಿದು ಈರುಳ್ಳಿ ಹೆಚ್ಚೋ ಆಸಕ್ತಿ ಇಲ್ದೇ ಇರೋರು ಅಲ್ಲಿಗೆ ಹೋಗಿ ಒದ್ದಾಡ್ತಾರೆ, ಪ್ಲಾನಿಂಗು, ಮಾರಾಟ, ಟಿಕೆಟಿಂಗ್ ಇಷ್ಟ ಇರೋರಿಗೆ ಟೂರಿಸಂ ಬಿಬಿಎ ಸರಿ.

ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಪದ್ಧತಿ ಬಂತಲ್ಲ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿಗೇ ವಾಪಸ್ ಹೋಗಿದೀವಿ, ಆದ್ರಿಂದ ಅಣ್ಣನೋ ಅಕ್ಕನೋ ಓದಿದ ಸಿಲಬಸ್ ನೋಡ್ಕೊಂಡು ಪ್ಲಾನ್ ಮಾಡ್ಬೇಡಿ, ನಿಮ್ಮ ಯೂನಿವರ್ಸಿಟಿ ವೆಬ್‌ಸೈಟಲ್ಲಿ ಹೊಸ ಸಿಲಬಸ್ ಇಳಿಸ್ಕೊಳ್ಳಿ. ಅದೇ ವರ್ಷದಿಂದ ಬಿಬಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿಯಾದ ಎಐಸಿಟಿಇ ವ್ಯಾಪ್ತಿಗೂ ಬಂದಿವೆ, ಹಾಗಾಗಿ ಖಾಸಗಿ ಕಾಲೇಜಾದ್ರೆ ಯೂನಿವರ್ಸಿಟಿ ಮಾನ್ಯತೆ ಜೊತೆ ಎಐಸಿಟಿಇ ಅನುಮೋದನೆ ಇದ್ಯಾ ಅಂತ ನೇರವಾಗಿ ಕೇಳಿ, ಮುಜುಗರ ಪಟ್ಕೋಬೇಡಿ, ದುಡ್ಡು ನಿಮ್ಮದು. ರಾಜ್ಯದ ಯೂನಿವರ್ಸಿಟಿ ಕಾಲೇಜುಗಳ ಅಡ್ಮಿಷನ್ನು ಯುಯುಸಿಎಂಎಸ್ ಪೋರ್ಟಲ್ ಮೂಲಕ, ಸ್ಕಾಲರ್‌ಶಿಪ್ಪು ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ, ಎರಡರಲ್ಲೂ ಆಧಾರ್‌ನಲ್ಲಿರೋ ಹೆಸರು ಮಾರ್ಕ್ಸ್‌ಕಾರ್ಡಿಗೆ ಹೊಂದದೇ ಇದ್ರೆ ಅರ್ಜಿ ಅಲ್ಲೇ ನಿಂತ್ಕೊಳ್ಳತ್ತೆ, ಅದನ್ನ ಪಿಯುಸಿ ರಿಸಲ್ಟ್ ಬರೋ ಮುಂಚೆನೇ ಸರಿ ಮಾಡಿಸ್ಕೊಳ್ಳಿ.

ರಾಜ್ಯದ ಹೊರಗೆ ಹೋಗೋಕೆ ರೆಡಿ ಇದ್ರೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಐಐಟಿಟಿಎಂ ಅನ್ನೋ ಟೂರಿಸಂ ಸಂಸ್ಥೆ ಇದೆ, 1983ರಲ್ಲಿ ಶುರುವಾದದ್ದು, ಗ್ವಾಲಿಯರ್ ಮುಖ್ಯ ಕ್ಯಾಂಪಸ್ಸು, ಜೊತೆಗೆ ಭುವನೇಶ್ವರ, ನೋಯ್ಡಾ, ನೆಲ್ಲೂರು, ಗೋವಾ. ನಮ್ಮವರಿಗೆ ಗೋವಾ, ನೆಲ್ಲೂರು ಹತ್ರ. ಬಿಬಿಎ, ಎಂಬಿಎ ಎರಡೂ ಟೂರಿಸಂನಲ್ಲೇ ಇದೆ. ಮನೆಯಲ್ಲಿ ಪರಿಸ್ಥಿತಿ ಸರಿ ಇಲ್ಲ, ಕೆಲಸ ಮಾಡ್ಕೊಂಡೇ ಓದ್ಬೇಕು ಅನ್ನೋರಿಗೆ ದೂರಶಿಕ್ಷಣದ ಯೂನಿವರ್ಸಿಟಿ ಇಗ್ನೋದಲ್ಲಿ ಟೂರಿಸಂ ಬಿಎ ಇದೆ, ಸ್ಟಡಿ ಮೆಟೀರಿಯಲ್ ಚೆನ್ನಾಗಿರತ್ತೆ, ನಿಜ ಹೇಳ್ಬೇಕು ಅಂದ್ರೆ ರೆಗ್ಯುಲರ್ ಕಾಲೇಜಲ್ಲಿ ಓದೋ ಎಷ್ಟೋ ಜನ ಅದನ್ನೇ ಓದಿ ಪಾಸಾಗ್ತಾರೆ.

ಕಾಲೇಜ್ ನೋಡೋಕೆ ಹೋದಾಗ ಕಟ್ಟಡ, ಕ್ಯಾಂಟೀನ್ ನೋಡ್ಕೊಂಡು ಬರ್ಬೇಡಿ. ಟಿಕೆಟಿಂಗ್ ಸಾಫ್ಟ್‌ವೇರ್ ಇರೋ ಲ್ಯಾಬ್ ಇದ್ಯಾ, ಇದ್ರೆ ಬೀಗ ತೆಗೆದು ತೋರ್ಸಿ ಅನ್ನಿ. ಇಂಟರ್ನ್‌ಶಿಪ್ ಎಷ್ಟು ವಾರ, ಅವರೇ ಕೊಡಿಸ್ತಾರಾ ಅಥವಾ ನಾವೇ ಹುಡುಕ್ಕೋಬೇಕಾ. ಸ್ಟಡಿ ಟೂರ್ ದುಡ್ಡು ಫೀಸಲ್ಲೇ ಸೇರಿದ್ಯಾ, ಯಾಕಂದ್ರೆ ಅದು ಆಮೇಲೆ ಬೇರೆ ಬಿಲ್ಲಾಗಿ ಬರತ್ತೆ. ಪಾಠ ಮಾಡೋರಲ್ಲಿ ಒಬ್ರಾದ್ರೂ ಟ್ರಾವೆಲ್ ಫೀಲ್ಡಲ್ಲಿ ಕೆಲಸ ಮಾಡಿದೋರು ಇದಾರಾ. ಈ ನಾಲ್ಕಕ್ಕೂ ಸರಿ ಉತ್ತರ ಸಿಗೋ ಸಣ್ಣ ಕಾಲೇಜು, ಯಾವುದಕ್ಕೂ ಉತ್ತರ ಸಿಗದ ದೊಡ್ಡ ಕಾಲೇಜಿಗಿಂತ ವಾಸಿ.

ಮನೆಯವರಿಗೆ ಏನು ಹೇಳೋದು? "ಟೂರಿಸಂ ಓದಿ ಗೈಡ್ ಆಗ್ತೀಯಾ" ಅಂತ ಅಪ್ಪ ಕೇಳೇ ಕೇಳ್ತಾರೆ. ಆದ್ರೂ ತಪ್ಪೇನಿಲ್ಲ, ಹಂಪಿಯಲ್ಲಿ ಫ್ರೆಂಚ್ ಮಾತಾಡೋ ಗೈಡ್‌ಗಳಿಗೆ ಸೀಸನ್ನಲ್ಲಿ ಪುರುಸೊತ್ತಿರಲ್ಲ. ಆದ್ರೆ ಅಪ್ಪಂಗೆ ಸಮಾಧಾನ ಆಗೋ ಉತ್ತರ ಅಂದ್ರೆ ಇದು ಮಾಮೂಲಿ ಡಿಗ್ರಿನೇ, ಕೆಎಎಸ್, ಬ್ಯಾಂಕು, ಎಂಬಿಎ ಯಾವುದಕ್ಕೂ ಬಾಗ್ಲು ಮುಚ್ಚಲ್ಲ, ಎಂಬಿಎಗೆ ಪಿಜಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೀಬಹುದು. ಮುಚ್ಚಿಡಬಾರದ ವಿಷಯನೂ ಇದೆ, ಮೊದಲ ಸಂಬಳ ದೊಡ್ಡದಿರಲ್ಲ, ದಸರಾ, ಕ್ರಿಸ್‌ಮಸ್, ಬೇಸಿಗೆ ರಜೆ ಬೇರೆಯವರಿಗೆ ರಜೆ, ನಮಗೆ ಡ್ಯೂಟಿ. ಮನೆಯಲ್ಲಿ ಆಯುಧಪೂಜೆ ನಡೀತಿದ್ರೆ ನೀವು ಬಸ್ ಪಾರ್ಕಿಂಗಲ್ಲಿ ನಿಂತಿರ್ತೀರ. ಇದನ್ನ ಮೊದ್ಲೇ ಹೇಳಿ ಒಪ್ಪಿಸ್ಕೊಂಡ್ರೆ ಆಮೇಲೆ ಜಗಳ ಕಮ್ಮಿ.

ನಿಮ್ಮ ಊರು ಆರಿಸ್ಕೊಳ್ಳೋದು

ಭಾನುವಾರ ಬೆಳಗ್ಗೆ ಕೆಂಪು ಬಸ್ಸಲ್ಲಿ ಹೋಗಿ ಸಂಜೆ ವಾಪಸ್ ಬರೋಕಾಗೋ ಜಾಗ ಇರ್ಬೇಕು. ಜನ ಬರ್ತಿರ್ಬೇಕು, ಆದ್ರೆ ವ್ಯವಸ್ಥೆ ಇನ್ನೂ ಪೂರ್ತಿ ಕೂತಿರಬಾರದು. ಗದಗದವರಿಗೆ ಲಕ್ಕುಂಡಿ, ಶಿಕಾರಿಪುರದ ಕಡೆಯವರಿಗೆ ಬಳ್ಳಿಗಾವಿ, ತೀರ್ಥಹಳ್ಳಿಯವರಿಗೆ ಕವಲೇದುರ್ಗ, ಮೈಸೂರು ಚಾಮರಾಜನಗರದವರಿಗೆ ತಲಕಾಡು ಅಥವಾ ಸೋಮನಾಥಪುರ. ಸೋಮನಾಥಪುರದ್ದು ಈಗ ಇನ್ನೂ ಮಜಾ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ಪಟ್ಟಿಗೆ ಸೇರ್ತು, ಪಟ್ಟಿಗೆ ಸೇರಿದ ಮೇಲೆ ಊರಿಗೆ ಏನಾಗತ್ತೆ, ಏನಾಗಲ್ಲ ಅಂತ ನಿಮ್ಮ ಕಣ್ಣಲ್ಲೇ ನೋಡಬಹುದು.

ಒಂದು ನೋಟ್‌ಬುಕ್ ಇಡಿ. ಹೋದಾಗೆಲ್ಲ ಬರ್ಕೊಳ್ಳಿ: ಪಾರ್ಕಿಂಗಲ್ಲಿ ಎಷ್ಟು ಕಾರು, ನಂಬರ್ ಪ್ಲೇಟ್ ಯಾವ ಊರಿಂದು, ಎಷ್ಟು ಹೊತ್ತು ನಿಲ್ತಾರೆ, ಎಳನೀರು ಎಷ್ಟು, ಶೌಚಾಲಯಕ್ಕೆ ಬೀಗ ಹಾಕಿದ್ಯಾ, ಕೇಂದ್ರ ಪುರಾತತ್ವ ಇಲಾಖೆ (ಎಎಸ್‌ಐ) ಕೌಂಟರ್‌ನಲ್ಲಿ ಕ್ಯೂ ಇದ್ಯಾ. ಬೋರಿಂಗ್ ಅನ್ಸತ್ತೆ, ಅನ್ಸಲಿ. ಮೂರನೇ ವರ್ಷದ ಪ್ರಾಜೆಕ್ಟಿಗೆ ಕ್ಲಾಸಲ್ಲಿ ಎಲ್ರೂ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪಲ್ಲಿ ಫ್ರೆಂಡ್ಸಿಗೆ ಕಳಿಸಿ "ಪ್ಲೀಸ್ ಫಿಲ್ ಮಾಡ್ರೋ" ಅಂತ ಬೇಡ್ಕೊಳ್ತಿರೋವಾಗ ನಿಮ್ಮ ಹತ್ರ ಎರಡು ವರ್ಷದ ನಿಜವಾದ ದಾಖಲೆ ಇರತ್ತೆ.

ಥಿಯರಿ ಪೇಪರುಗಳು

ಪ್ರಿನ್ಸಿಪಲ್ಸ್ ಆಫ್ ಟೂರಿಸಂನಲ್ಲಿ ತಪ್ಪದೇ ಬರೋದು ಮೂರು. ಲೀಪರ್ ಮಾಡೆಲ್, 1979ರದ್ದು, ಪ್ರವಾಸಿ ಹೊರಡೋ ಪ್ರದೇಶ, ದಾರಿ, ತಲುಪೋ ಪ್ರದೇಶ ಅಂತ ಚಿತ್ರ ಬರೀಬೇಕು. ಪುಸ್ತಕದಲ್ಲಿರೋ ಖಾಲಿ ಚೌಕಗಳನ್ನ ಬರೀಬೇಡಿ, ಬೆಂಗಳೂರು, ಹಾಸನ ಹೈವೇ, ಸಕಲೇಶಪುರ ಅಂತ ಹೆಸರು ಹಾಕಿ, ದಾರಿಯಲ್ಲಿ ತಿಂಡಿಗೆ ನಿಲ್ಲೋ ಹೋಟೆಲುಗಳೂ ಟೂರಿಸಂ ದುಡ್ಡಲ್ಲೇ ಬದುಕ್ತಿವೆ ಅಂತ ಒಂದು ಸಾಲು ಸೇರ್ಸಿ, ಪೇಪರ್ ತಿದ್ದೋರಿಗೆ ಈ ಹುಡುಗಿಗೆ ಅರ್ಥ ಆಗಿದೆ ಅಂತ ಗೊತ್ತಾಗತ್ತೆ.

ಎರಡನೇದು ಬಟ್ಲರ್ 1980ರಲ್ಲಿ ಕೊಟ್ಟ ಪ್ರವಾಸಿ ತಾಣದ ಜೀವನಚಕ್ರ. ಯಾರೋ ನಾಲ್ಕು ಜನ ಹುಡ್ಕೊಂಡು ಬರೋ ಹಂತ, ಊರಿನವರು ಕೈ ಹಾಕೋ ಹಂತ, ಹೊರಗಿನ ದುಡ್ಡು ಬರೋ ಹಂತ, ಬೆಳವಣಿಗೆ ನಿಧಾನ ಆಗೋದು, ನಿಂತೇ ಹೋಗೋದು, ಆಮೇಲೆ ಒಂದಾ ಇಳಿಯೋದು ಇಲ್ಲಾ ಹೊಸ ರೂಪ ತಗೊಳ್ಳೋದು. ಗೋಕರ್ಣ ಈ ಗೆರೆ ಮೇಲೆ ಎಲ್ಲಿದೆ ಅಂತ ಗುರುತು ಹಾಕೋಕೆ ಪ್ರಯತ್ನ ಮಾಡಿ, ಓಂ ಬೀಚಿಗೂ ದೇವಸ್ಥಾನದ ಬೀದಿಗೂ ಒಂದೇ ಉತ್ತರ ಬರಲ್ಲ, ಅಲ್ಲೇ ಈ ಮಾಡೆಲ್ಲಿನ ದೌರ್ಬಲ್ಯನೂ ಸಿಗತ್ತೆ, ಅದನ್ನ ಬರೆದ್ರೆ ಹತ್ತು ಮಾರ್ಕಿನ ಪ್ರಶ್ನೆಗೆ ಒಳ್ಳೇ ಉತ್ತರ.

ಮೂರನೇದು ಡಾಕ್ಸಿ, 1975. ಊರಿನವರು ಮೊದಲು ಖುಷಿ ಪಡ್ತಾರೆ, ಆಮೇಲೆ ಅವರಿಗೆ ಎಲ್ಲಾ ಮಾಮೂಲಾಗತ್ತೆ, ಆಮೇಲೆ ಕಿರಿಕಿರಿ, ಕೊನೆಗೆ ನೇರ ವಿರೋಧ. ಲಾಂಗ್ ವೀಕೆಂಡಲ್ಲಿ ಚಿಕ್ಕಮಗಳೂರಿನವರ ಹತ್ರ ಕೈಮರ ಚೆಕ್‌ಪೋಸ್ಟ್ ಟ್ರಾಫಿಕ್ ಬಗ್ಗೆ ಕೇಳಿ, ಯಾವ ಹಂತ ಅಂತ ಅವರೇ ಹೇಳ್ತಾರೆ. ಇದ್ರ ಜೊತೆ ಕ್ಯಾರಿಯಿಂಗ್ ಕೆಪ್ಯಾಸಿಟಿ, ಅಂದ್ರೆ ಒಂದು ಜಾಗ ಎಷ್ಟು ಜನರನ್ನ ತಾಳ್ಕೊಳ್ಳತ್ತೆ ಅಂತ ಒಂದು ಪಾಠ ಬರತ್ತೆ, ಅದಕ್ಕೆ ಕುಮಾರಪರ್ವತಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. 2024ರ ಜನವರಿ ಕೊನೆಯಲ್ಲಿ ಒಂದೇ ವೀಕೆಂಡಿಗೆ ಅಲ್ಲಿ ಜನ ಜಾತ್ರೆ ಥರ ಸೇರಿದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ಅರಣ್ಯ ಇಲಾಖೆ ಟ್ರೆಕ್ಕಿಂಗನ್ನ ಸ್ವಲ್ಪ ದಿನ ನಿಲ್ಲಿಸಿ ಆಮೇಲೆ ದಿನಕ್ಕಿಷ್ಟೇ ಜನ ಅಂತ ಆನ್‌ಲೈನ್ ಬುಕಿಂಗ್ ತಂತು. ಆ ಮಿತಿಯನ್ನ ಹೇಗೆ ನಿಗದಿ ಮಾಡ್ಬೇಕು, ಹಾದಿಯ ಅಗಲ ನೋಡಿನಾ, ನೀರು ನೋಡಿನಾ, ಗಾರ್ಡ್‌ಗಳ ಸಂಖ್ಯೆ ನೋಡಿನಾ, ಇಂಥ ಪ್ರಶ್ನೆ ಇಟ್ಕೊಂಡು ಓದಿದ್ರೆ ಆ ಪಾಠ ಯಾವತ್ತೂ ಮರೆಯಲ್ಲ.

ಜೋಗನೂ ಹಾಗೇ. 253 ಮೀಟರ್ ಎತ್ತರದ ಜಲಪಾತ ಅಂತ ಬ್ರೋಷರಲ್ಲಿ ಹಾಕ್ತೀವಿ, ಆದ್ರೆ ಮೇಲ್ಗಡೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು ಇದೆ, ನೀರು ವಿದ್ಯುತ್ತಿಗೆ ಹೋಗತ್ತೆ, ಬೇಸಿಗೆಯಲ್ಲಿ ಪ್ರವಾಸಿಗೆ ಬಂಡೆನೇ ಕಾಣ್ಸೋದು. ನೀವು ಮಾರೋ ವಸ್ತುವಿನ ಕೀಲಿ ಇನ್ನೊಂದು ಇಲಾಖೆ ಕೈಲಿದೆ ಅನ್ನೋದು ಟೂರಿಸಂ ಬಿಸಿನೆಸ್ಸಿನ ದೊಡ್ಡ ವಿಚಿತ್ರ, ಸೋಪು ಮಾರೋನಿಗೆ ಈ ತಲೆನೋವಿಲ್ಲ.

ಲೆಕ್ಕ, ಲೆಕ್ಕ, ಲೆಕ್ಕ

ಇಲ್ಲಿ ನಿಧಾನವಾಗಿ ಓದಿ, ಪೇಪರ್ ಪೆನ್ ತಗೊಳ್ಳಿ. ಇಂಟರ್‌ವ್ಯೂನಲ್ಲಿ ನಾನು ಕೇಳೋದು ಇದನ್ನೇ, ಮುಕ್ಕಾಲು ಪಾಲು ಜನ ಇಲ್ಲೇ ತಡವರಿಸೋದು.

ಬೆಂಗಳೂರಿಂದ ಹಂಪಿ, ಬಾದಾಮಿ, ಪಟ್ಟದಕಲ್ಲು, ಮೂರು ರಾತ್ರಿ ನಾಲ್ಕು ದಿನ, ಇಪ್ಪತ್ತು ಜನ. ಖರ್ಚನ್ನ ಮೊದಲು ಎರಡು ಭಾಗ ಮಾಡಿ. ಎಷ್ಟೇ ಜನ ಬಂದ್ರೂ ಬದಲಾಗದ ಖರ್ಚು ಒಂದು: ಡ್ರೈವರ್ ಬಾಟಾ, ಟೋಲ್ ಎಲ್ಲಾ ಸೇರಿ ಬಸ್ಸಿಗೆ 55,000, ಮೂರು ದಿನ ಗೈಡಿಗೆ 9,000, ಜೊತೆಗೆ ಹೋಗೋ ನಮ್ಮ ಟೂರ್ ಮ್ಯಾನೇಜರ್ ರೂಮು, ಊಟ, ಭತ್ಯೆ 9,000, ಪಾರ್ಕಿಂಗ್, ನೀರು, ಚಿಲ್ಲರೆ 2,000. ಒಟ್ಟು 75,000. ತಲೆಗಿಷ್ಟು ಅಂತ ಬರೋ ಖರ್ಚು ಇನ್ನೊಂದು: ಇಬ್ರಿಗೊಂದು ರೂಮಿನ ಲೆಕ್ಕದಲ್ಲಿ ರಾತ್ರಿಗೆ 1,500ರಂತೆ 4,500, ದಿನಕ್ಕೆ 600ರಂತೆ ಊಟ ತಿಂಡಿ 2,400, ಪ್ರವೇಶದ ಟಿಕೆಟ್ಟು ವಗೈರೆ 200. ಒಟ್ಟು 7,100. ಇವೆಲ್ಲಾ ಕಲಿಯೋಕೆ ಅಂತ ಇಟ್ಕೊಂಡ ಮೊತ್ತ, ನಿಜದ ರೇಟು ನೀವು ಫೋನ್ ಮಾಡಿ ಕೇಳ್ಬೇಕು, ಆ ಫೋನ್ ಮಾಡೋದೇ ಅರ್ಧ ವಿದ್ಯೆ.

ಇಪ್ಪತ್ತು ಜನ ಬಂದ್ರೆ ತಲೆಗೆ 3,750 ಸೇರಿ ಖರ್ಚು 10,850. ಹನ್ನೆರಡೇ ಜನ ಬಂದ್ರೆ 6,250 ಸೇರಿ 13,350. ನೀವು 12,500ಕ್ಕೆ ಮಾರ್ತಿದೀರ ಅನ್ಕೊಳ್ಳಿ. ಒಬ್ಬೊಬ್ರಿಂದ 12,500ರಲ್ಲಿ 7,100 ಕಳೆದ್ರೆ 5,400 ಉಳಿಯತ್ತೆ, ಆ 75,000ವನ್ನ 5,400ರಿಂದ ಭಾಗ ಮಾಡಿ, 13.9 ಬರತ್ತೆ, ಅಂದ್ರೆ ಹದಿನಾಲ್ಕನೇ ಮನುಷ್ಯ ದುಡ್ಡು ಕಟ್ಟೋವರೆಗೂ ನೀವು ಮಾಡ್ತಿರೋದು ಸಮಾಜಸೇವೆ. ಇಪ್ಪತ್ತೂ ಸೀಟು ತುಂಬಿದ್ರೆ 33,000 ಉಳಿಯತ್ತೆ, ಹನ್ನೆರಡಕ್ಕೇ ಹೊರಟ್ರೆ ಕೈಯಿಂದ 10,200 ಹೋಗತ್ತೆ. ಬ್ರೇಕ್ ಈವನ್ ಅಂತ ಕಾಸ್ಟ್ ಅಕೌಂಟ್ಸಲ್ಲಿ ಬೋರ್ಡ್ ಮೇಲೆ ಬರೆದ ಸೂತ್ರ ಇದೇನೇ. ಇದಾದ್ಮೇಲೆ ಪ್ರಶ್ನೆಗಳು ತಾನಾಗೇ ಹುಟ್ತವೆ: ಹದಿನಾಲ್ಕು ಜನ ಆಗ್ದೇ ಇದ್ರೆ ಟೂರ್ ಯಾವತ್ತು ಕ್ಯಾನ್ಸಲ್ ಮಾಡ್ಬೇಕು, ಬಸ್ಸಿನ ಬದಲು ಟಿಟಿ (ಟೆಂಪೋ ಟ್ರಾವೆಲರ್) ಹಾಕಿದ್ರೆ ಫಿಕ್ಸೆಡ್ ಖರ್ಚು ಎಷ್ಟಿಳಿಯತ್ತೆ, ಒಬ್ರೇ ಬಂದು ಇಡೀ ರೂಮ್ ಬೇಕು ಅಂದೋರಿಗೆ ಎಷ್ಟು ಜಾಸ್ತಿ ಹಾಕ್ಬೇಕು. ಮೇಲೆ ಟೂರ್ ಪ್ಯಾಕೇಜಿನ ಜಿಎಸ್‌ಟಿ ಬೇರೆ, ಅದನ್ನ ಬೆಲೆ ಒಳಗೆ ಸೇರ್ಸಿ ಹೇಳ್ತೀರಾ ಹೊರಗಿಟ್ಟು ಹೇಳ್ತೀರಾ ಅಂತ ಕಸ್ಟಮರಿಗೆ ಮೊದಲ ಫೋನಲ್ಲೇ ಹೇಳ್ಬೇಕು, ಇಲ್ಲಾಂದ್ರೆ ಕೊನೆಯಲ್ಲಿ ಮಾತು ಬೆಳೆಯತ್ತೆ.

ಇನ್ನೊಂದು ಕಡೆ ಹುಡುಗ್ರು ಬೀಳ್ತಾರೆ. 8,000 ಖರ್ಚಿನ ಮೇಲೆ ಶೇ 25 ಹಾಕಿದ್ರೆ 10,000 ಆಗತ್ತೆ, ಆದ್ರೆ ಆ 10,000ದಲ್ಲಿ ನಿಮ್ಮ ಲಾಭ ಶೇ 20 ಮಾತ್ರ. ಖರ್ಚಿನ ಮೇಲೆ ಹಾಕೋದು ಮಾರ್ಕಪ್ಪು, ಮಾರಿದ ಬೆಲೆಯಲ್ಲಿ ಉಳಿಯೋದು ಮಾರ್ಜಿನ್ನು. ಬಾಸ್ "ಶೇ 25 ಮಾರ್ಜಿನ್ ಬೇಕು" ಅಂದಾಗ 10,000 ಅಂತ ಕೋಟ್ ಕಳಿಸಿದ್ರೆ ತಪ್ಪು, 10,667 ಆಗ್ಬೇಕು.

ಹೋಟೆಲ್ ಕಡೆ ಲೆಕ್ಕ ಸ್ವಲ್ಪ ಬೇರೆ. ಸಕಲೇಶಪುರದ ಹತ್ರ ಹತ್ತು ರೂಮಿನ ಒಂದು ಹೋಂಸ್ಟೇ ಇಟ್ಕೊಳ್ಳಿ. ಶುಕ್ರವಾರ, ಶನಿವಾರ ರಾತ್ರಿ ಹತ್ತೂ ರೂಮು 4,000ದಂತೆ ಹೋಗತ್ತೆ, ಉಳಿದ ಐದು ರಾತ್ರಿ ಎರಡೆರಡು ರೂಮು 2,500ರಂತೆ. ವಾರಕ್ಕೆ ಒಟ್ಟು ಎಪ್ಪತ್ತು ರೂಮ್ ರಾತ್ರಿ, ಮಾರಿದ್ದು ಮೂವತ್ತು, ಬಂದಿದ್ದು 1,05,000. ಮಾರಿದ ರೂಮಿನ ಸರಾಸರಿ ಬೆಲೆ, ಅಂದ್ರೆ ಎಡಿಆರ್, 3,500. ಇರೋ ಎಲ್ಲಾ ರೂಮಿಗೂ ಹಂಚಿದ್ರೆ, ಅಂದ್ರೆ ರೆವ್‌ಪಾರ್, 1,500. ಈಗ ಓನರ್ ವಾರದ ದಿನದ ರೇಟನ್ನ 2,000ಕ್ಕೆ ಇಳಿಸಿ ದಿನಕ್ಕೆ ನಾಲ್ಕು ರೂಮ್ ಮಾರಿದ್ರು. ಮಾರಿದ್ದು ನಲವತ್ತು, ಬಂದಿದ್ದು 1,20,000, ಎಡಿಆರ್ 3,000ಕ್ಕೆ ಇಳೀತು, ರೆವ್‌ಪಾರ್ 1,714ಕ್ಕೆ ಏರ್ತು. ಎಡಿಆರ್ ಮಾತ್ರ ನೋಡೋನು ಅಯ್ಯೋ ಬಿಸಿನೆಸ್ ಬಿತ್ತು ಅಂತಾನೆ. ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಜಾಸ್ತಿ ಮಾರಿದ ಹತ್ತು ರೂಮಿಗೆ ಲಾಂಡ್ರಿ, ತಿಂಡಿ, ಆನ್‌ಲೈನ್ ಬುಕಿಂಗ್ ಕಮಿಷನ್ ಅಂತ ರೂಮಿಗೆ 600 ಹೋದ್ರೂ 6,000, ಜಾಸ್ತಿ ಬಂದ 15,000ದಲ್ಲಿ 9,000 ಉಳೀತು. ಆ ಕಮಿಷನ್ನೂ ಖರ್ಚೂ ರೂಮಿಗೆ 1,500 ದಾಟಿದ್ರೆ ಈ ಐಡಿಯಾನೇ ದಂಡ. ಇದನ್ನ ಎಕ್ಸೆಲ್ ಶೀಟಲ್ಲಿ ಮಾಡಿ, ರೇಟು ಬದಲಾಯಿಸ್ತಾ ಆಟ ಆಡಿ. ನಿಮ್ಮ ಊರಿನ ಯಾವುದಾದ್ರೂ ಲಾಡ್ಜ್ ಓನರ್ ಪರಿಚಯ ಇದ್ರೆ ಅವರ ಒಂದು ತಿಂಗಳ ರಿಜಿಸ್ಟರ್ ನೋಡೋಕೆ ಕೇಳಿ, ಸಾರ್ ಕಾಲೇಜ್ ಪ್ರಾಜೆಕ್ಟು ಅಂದ್ರೆ ಬಹಳಷ್ಟು ಜನ ಬೇಡ ಅನ್ನಲ್ಲ.

ರೂಮಿನ ಪ್ಲಾನ್‌ಗಳು ಬಾಯಿಪಾಠ ಆಗಿರ್ಲಿ: ಇಪಿ ಅಂದ್ರೆ ಬರೀ ರೂಮು, ಸಿಪಿ ಅಂದ್ರೆ ತಿಂಡಿ ಸೇರಿ, ಎಂಎಪಿ ತಿಂಡಿ ಜೊತೆ ಒಂದು ಊಟ, ಎಪಿ ಮೂರೂ ಹೊತ್ತು. ಎಂಎಪಿ ಬದಲು ಸಿಪಿ ಅಂತ ಹೋಟೆಲಿಗೆ ವೋಚರ್ (ಬುಕಿಂಗ್ ಚೀಟಿ) ಹೋದ್ರೆ ರಾತ್ರಿ ಒಂಬತ್ತಕ್ಕೆ ನಲವತ್ತು ಜನ ಹಸ್ಕೊಂಡು ನಿಮಗೇ ಫೋನ್ ಮಾಡ್ತಾರೆ.

ಟಿಕೆಟಿಂಗ್

ಅಮೇಡಿಯಸ್, ಸೇಬರ್, ಗೆಲಿಲಿಯೋ, ವಿಮಾನದ ಟಿಕೆಟ್ ಬುಕ್ ಮಾಡೋ ಈ ಮೂರು ಸಾಫ್ಟ್‌ವೇರಲ್ಲಿ ಒಂದನ್ನ ಕಲಿಸ್ತಾರೆ. ಮೌಸ್ ಕ್ಲಿಕ್ಕಲ್ಲಿ ಆಗೋ ಕೆಲಸನ ಕಮಾಂಡಲ್ಲಿ ಯಾಕೆ ಅಂತ ಎಲ್ರೂ ಕೇಳ್ತಾರೆ, ಒಂದು ಗ್ರೂಪಿನ ಟಿಕೆಟ್ ತಾರೀಕು ಬದಲಾಯಿಸೋ ದಿನ ಗೊತ್ತಾಗತ್ತೆ, ಕಮಾಂಡ್ ಬಂದೋನು ಟೀ ಕುಡಿಯೋಷ್ಟರಲ್ಲಿ ಮುಗಿಸ್ತಾನೆ. ಅಮೇಡಿಯಸ್ಸಲ್ಲಿ ಎಎನ್ ಅಂತ ಹಾಕಿ ತಾರೀಕು, ಹೊರಡೋ ಊರಿನ ಕೋಡು, ಸೇರೋ ಊರಿನ ಕೋಡು ಹೊಡೆದ್ರೆ ಸೀಟು ತೋರ್ಸತ್ತೆ, ಅಲ್ಲಿಂದ ಶುರು. ಐಯಾಟಾ ಕೋಡುಗಳನ್ನ (ಏರ್‌ಪೋರ್ಟುಗಳ ಮೂರಕ್ಷರದ ಗುರುತು) ನಮ್ಮ ರಾಜ್ಯದಿಂದ್ಲೇ ಕಲಿಯೋಕೆ ಶುರು ಮಾಡಿ: ಬೆಂಗಳೂರು ಬಿಎಲ್‌ಆರ್, ಮಂಗಳೂರು ಐಎಕ್ಸ್‌ಇ, ಮೈಸೂರು ಎಂವೈಕ್ಯೂ, ಹುಬ್ಬಳ್ಳಿ ಎಚ್‌ಬಿಎಕ್ಸ್, ಬೆಳಗಾವಿ ಐಎಕ್ಸ್‌ಜಿ, ಕಲಬುರಗಿ ಜಿಬಿಐ, 2023ರಲ್ಲಿ ಶುರುವಾದ ಶಿವಮೊಗ್ಗ ಆರ್‌ಕ್ಯೂವೈ.

ಇದ್ರಲ್ಲಿ ನಮ್ಮ ಕಡೆಯವರಿಗೇ ಅಂತ ಒಂದು ಸಮಸ್ಯೆ ಇದೆ, ಇನಿಷಿಯಲ್ಲು. ನಮ್ಮಲ್ಲಿ ಎಷ್ಟೋ ಹಿರಿಯರ ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ. ಯುಎಇ 2022ರ ನವೆಂಬರಲ್ಲಿ ಪಾಸ್‌ಪೋರ್ಟಲ್ಲಿ ಒಂದೇ ಹೆಸರಿರೋ ವಿಸಿಟ್ ವೀಸಾದವರನ್ನ ಬಿಡಲ್ಲ ಅಂತ ನಿಯಮ ತಂತು, ಆಮೇಲೆ ವಿವರಗಳಿರೋ ಇನ್ನೊಂದು ಪುಟದಲ್ಲಿ ತಂದೆ ಹೆಸರೋ ಮನೆತನದ ಹೆಸರೋ ಇದ್ರೆ ಆಗತ್ತೆ ಅಂತ ಸಡಿಲ ಮಾಡಿದ್ರು. ದುಬೈಯಲ್ಲಿರೋ ಮಗನ್ನ ನೋಡೋಕೆ ಹೊರಟ ಮಂಡ್ಯದ ಅಜ್ಜಿ ಕೌಂಟರ್ ಮುಂದೆ ನಿಂತಾಗ ನಿಮಗೆ ಇದು ಗೊತ್ತಿರ್ಬೇಕು. ಹಾಗಾಗಿ ಟಿಕೆಟ್ ಮಾಡೋ ಮುಂಚೆ ಪಾಸ್‌ಪೋರ್ಟಿನ ಮೊದಲ ಪುಟ, ಕೊನೆ ಪುಟ ಎರಡರ ಫೋಟೋನೂ ತರಿಸ್ಕೊಳ್ಳೋ ಅಭ್ಯಾಸ ಕಾಲೇಜಲ್ಲೇ ಮಾಡ್ಕೊಳ್ಳಿ.

ಕಾನೂನು ಪೇಪರಿಗೆ ಹಂಪಿ ಸಾಕು

ಟೂರಿಸಂ ಲಾ ಅನ್ನೋ ಸಬ್ಜೆಕ್ಟ್ ನಿದ್ದೆ ಬರ್ಸತ್ತೆ, ಅದಕ್ಕೆ ಹಂಪಿಯ ಕಥೆ ಇಟ್ಕೊಂಡು ಓದಿ. 1986ರಲ್ಲಿ ಯುನೆಸ್ಕೊ ಪಟ್ಟಿ, 1999ರಲ್ಲಿ ಆನೆಗುಂದಿ ಸೇತುವೆ ಕಟ್ಟೋಕೆ ಹೊರಟಿದ್ದರ ಗಲಾಟೆಯಲ್ಲಿ ಅಪಾಯದಲ್ಲಿರೋ ತಾಣಗಳ ಪಟ್ಟಿಗೆ, 2002ರಲ್ಲಿ ಹಂಪಿಗೇ ಅಂತ ಪ್ರಾಧಿಕಾರದ ಕಾಯ್ದೆ, 2006ರಲ್ಲಿ ಅಪಾಯದ ಪಟ್ಟಿಯಿಂದ ಹೊರಗೆ, 2009ರಲ್ಲಿ ಕಟ್ಟುತ್ತಿದ್ದ ಆ ಸೇತುವೆನೇ ಕುಸಿದುಬಿತ್ತು, 2011ರಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನ ಅಂಗಡಿ ಮನೆಗಳ ತೆರವು, 2020ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟುಗಳ ನೆಲಸಮ. ಪರಂಪರೆ, ಊರಿನವರ ಹೊಟ್ಟೆಪಾಡು, ರಸ್ತೆ, ಹೂಡಿಕೆ ಮಾಡಿದೋರ ದುಡ್ಡು, ಎಲ್ಲಾ ಒಂದೇ ಕಡೆ ಡಿಕ್ಕಿ ಹೊಡೆದಿದೆ. ಯಾರು ಸರಿ ಅಂತ ತೀರ್ಪು ಕೊಡೋ ಆತುರ ಬೇಡ, ಬಜಾರಲ್ಲಿ ಎಳನೀರು ಮಾರ್ತಿದ್ದೋರ ಕಡೆಯಿಂದ ಒಂದ್ಸಲ, ಎಎಸ್‌ಐ ಅಧಿಕಾರಿ ಕಡೆಯಿಂದ ಒಂದ್ಸಲ ಬರೆದು ನೋಡಿ. ರೆಸಾರ್ಟಿಗೆ ಜಾಗ ತಗೊಳ್ಳೋ ಮುಂಚೆ ಯಾವ ಯಾವ ಕಾಗದ ನೋಡ್ಬೇಕು ಅನ್ನೋ ಪ್ರಶ್ನೆಗೆ ಈ ಒಂದು ಕೇಸಲ್ಲೇ ಉತ್ತರ ಇದೆ.

ಸುರಕ್ಷತೆ ಬಗ್ಗೆ ಸಿಲಬಸ್ಸಲ್ಲಿ ಒಂದೆರಡು ಪುಟ ಇರತ್ತೆ ಅಷ್ಟೇ, ನನಗೆ ಇದು ಸಿಟ್ಟು ಬರೋ ವಿಷಯ. 2024ರ ಡಿಸೆಂಬರಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ಕು ಹೆಣ್ಮಕ್ಕಳು ಮುರುಡೇಶ್ವರದ ಸಮುದ್ರದಲ್ಲಿ ತೀರ್ಕೊಂಡ್ರು. ನಿಮ್ಮ ಊರಿನ ಜಾಗದಲ್ಲಿ ನೀರು ಎಲ್ಲಿದೆ, ಬೋರ್ಡ್ ಇದ್ಯಾ, ಹತ್ತಿರದ ಆಸ್ಪತ್ರೆಗೆ ಎಷ್ಟು ಹೊತ್ತು, ನೆಟ್‌ವರ್ಕ್ ಎಲ್ಲಿ ಸಿಗಲ್ಲ ಅಂತ ಒಂದು ಪುಟದ ಪಟ್ಟಿ ಮಾಡಿ. ಯಾರೂ ಮಾರ್ಕ್ಸ್ ಕೊಡಲ್ಲ, ಆದ್ರೂ ಮಾಡಿ.

ಭಾಷೆ, ಇಂಟರ್ನ್‌ಶಿಪ್

ಇಂಗ್ಲಿಷ್ ಹೆದರಿಕೆ ಇದ್ರೆ ಗ್ರಾಮರ್ ಪುಸ್ತಕ ಬಿಟ್ಟು ದಿನಕ್ಕೆ ಒಂದು ಇಮೇಲ್ ಬರೀರಿ, ಹೋಟೆಲಿಗೆ ರೇಟ್ ಕೇಳೋದು, ಕಸ್ಟಮರಿಗೆ ಕ್ಷಮೆ ಕೇಳೋದು, ಬಾಕಿ ದುಡ್ಡು ನೆನಪಿಸೋದು. ಈ ಮೂರು ಥರದ ಇಮೇಲ್ ಬಂದ್ರೆ ಆಫೀಸಿನ ಅರ್ಧ ಇಂಗ್ಲಿಷ್ ಬಂದಂಗೆ. ಹಿಂದಿ ಮಾತಾಡೋಕೆ ಬಂದ್ರೆ ಸಾಕು. ಮೂರನೇದಾಗಿ ಫ್ರೆಂಚ್ ಅಥವಾ ಜರ್ಮನ್, ಬೆಂಗಳೂರಲ್ಲಿ ಅಲಯನ್ಸ್ ಫ್ರಾನ್ಸೇಸ್, ಮ್ಯಾಕ್ಸ್ ಮುಲ್ಲರ್ ಭವನ ಇವೆ, ಎ1 ಅನ್ನೋ ಮೊದಲ ಹಂತ ಮುಗಿಸಿ ಬಿಟ್ರೆ ಏನೂ ಪ್ರಯೋಜನ ಇಲ್ಲ, ಮೂರನೇ ಹಂತ ಬಿ1ವರೆಗೆ ಹೋಗೋ ಮನಸ್ಸಿದ್ರೆ ಮಾತ್ರ ದುಡ್ಡು ಹಾಕಿ. ಕನ್ನಡನೂ ಬಂಡವಾಳನೇ, ಡ್ರೈವರ್, ದೇವಸ್ಥಾನದ ಅರ್ಚಕರು, ಹೋಂಸ್ಟೇ ಅಮ್ಮ, ಫಾರೆಸ್ಟ್ ಗಾರ್ಡ್, ಎಲ್ರ ಹತ್ರನೂ ಕೆಲಸ ಆಗೋದು ಕನ್ನಡದಲ್ಲೇ, ಡ್ರೈವರನ್ನ "ಅಣ್ಣ ಊಟ ಆಯ್ತಾ" ಅಂತ ಕೇಳೋಕೆ ಬರದೇ ಇರೋರಿಗೆ ಆಪರೇಷನ್ಸ್ ಕಷ್ಟ.

ಇಂಟರ್ನ್‌ಶಿಪ್ಪಿಗೆ ದೊಡ್ಡ ಬ್ರ್ಯಾಂಡೇ ಬೇಕು ಅಂತ ಹಠ ಮಾಡ್ಬೇಡಿ. ದೊಡ್ಡ ಕಡೆ ನಿಮ್ಮನ್ನ ಒಂದು ಡೆಸ್ಕಲ್ಲಿ ಕೂರಿಸಿ ಡೇಟಾ ಎಂಟ್ರಿ ಮಾಡಿಸೋ ಸಾಧ್ಯತೆ ಇದೆ, ಐದಾರು ಜನರ ಟ್ರಾವೆಲ್ಸಲ್ಲಿ ಬೆಳಗ್ಗೆ ವೋಚರ್, ಮಧ್ಯಾಹ್ನ ಏರ್‌ಪೋರ್ಟ್ ಪಿಕಪ್, ಸಂಜೆ ಕಸ್ಟಮರ್ ಬೈಗುಳ, ಎಲ್ಲಾ ನಿಮ್ಮ ಮೇಲೇ. ಸೀಸನ್ನಲ್ಲೇ ಸೇರಿ, ದಸರಾ ಅಥವಾ ನವೆಂಬರಿಂದ ಜನವರಿ ನಡುವೆ, ಮಳೆಗಾಲದಲ್ಲಿ ಹೋದ್ರೆ ಫ್ಯಾನ್ ಕೆಳಗೆ ಕೂತು ಬರ್ತೀರ. ಸೇರೋ ದಿನವೇ ಮೂರು ಕೇಳ್ಕೊಳ್ಳಿ: ಸ್ಟೈಪೆಂಡ್ ಇದ್ಯಾ, ಇಲ್ಲಾಂದ್ರೆ ಬಸ್ ಚಾರ್ಜಾದ್ರೂ ಕೊಡ್ತಾರಾ, ಕೊನೆಗೆ ಕೊಡೋ ಸರ್ಟಿಫಿಕೇಟಲ್ಲಿ ಏನು ಕೆಲಸ ಮಾಡಿದ್ರಿ ಅಂತ ಬರೀತಾರಾ. ಹುಡುಗೀರು ರಾತ್ರಿ ಪಿಕಪ್ ಇದ್ರೆ ವಾಪಸ್ ಮನೆಗೆ ಬಿಡೋರು ಯಾರು ಅಂತ ಬರಹದಲ್ಲೇ ಕೇಳಿ, ಉತ್ತರ ಕೊಡೋಕೆ ತಡಬಡಾಯಿಸೋ ಕಡೆ ಹೋಗ್ಬೇಡಿ. ರಜೆ ದಿನಗಳಲ್ಲಿ ಪ್ರವಾಸೋದ್ಯಮ ಸಚಿವಾಲಯದ ಟೂರಿಸ್ಟ್ ಫೆಸಿಲಿಟೇಟರ್ ಆನ್‌ಲೈನ್ ಕೋರ್ಸನ್ನೂ ನೋಡಿ, ಗೈಡಿಂಗ್ ಇಷ್ಟ ಇರೋರಿಗೆ ಉಪಯೋಗ.

ಇಂಟರ್‌ವ್ಯೂ

ರೆಸ್ಯೂಮಲ್ಲಿ "ಐ ಲವ್ ಟ್ರಾವೆಲಿಂಗ್" ತೆಗೆದುಹಾಕಿ, ಎಲ್ರಿಗೂ ಇಷ್ಟನೇ ಅದು. ಅದ್ರ ಬದಲು ನಿಮ್ಮ ಊರಿನ ಮೇಲೆ ಮಾಡಿದ ಒಂದು ಪುಟ ತಗೊಂಡು ಬನ್ನಿ: ಒಂದು ದಿನದ ಟೂರ್ ಪ್ಲಾನು, ಕಾಸ್ಟಿಂಗು, ಎಷ್ಟು ಜನಕ್ಕೆ ಬ್ರೇಕ್ ಈವನ್, ಮಳೆ ಬಂದ್ರೆ ಏನು. ನಾನು ಸಾಮಾನ್ಯವಾಗಿ ಕೇಳೋದು ಇಂಥದ್ದು: ನಲವತ್ತು ಜನ ಹಿರಿಯ ನಾಗರಿಕರು, ಮೈಸೂರಿಂದ ಬೇಲೂರು ಹಳೇಬೀಡು, ಒಂದೇ ದಿನ, ಹಾಸನದ ಹತ್ರ ಬಸ್ ಎಸಿ ಕೆಟ್ಟೋಯ್ತು, ಗಂಟೆ ಹನ್ನೊಂದೂವರೆ, ಏನ್ಮಾಡ್ತೀರ? ಬೇರೆ ಬಸ್ ತರಿಸ್ತೀನಿ ಅಂತ ಎಲ್ರೂ ಹೇಳ್ತಾರೆ, ಎಲ್ಲಿಂದ, ಎಷ್ಟು ಹೊತ್ತಾಗತ್ತೆ ಅಂದ್ರೆ ಸುಮ್ಮನಾಗ್ತಾರೆ. ಒಬ್ಬ ಹುಡುಗ ಮಾತ್ರ "ಸಾರ್, ಮೊದ್ಲು ಅವರಲ್ಲಿ ಶುಗರ್ ಇರೋರು ಎಷ್ಟು ಜನ ಅಂತ ನೋಡ್ತೀನಿ, ಊಟ ಬೇಗ ಮಾಡಿಸಿ ಅಲ್ಲೇ ಕೂರಿಸ್ತೀನಿ, ಅಷ್ಟರಲ್ಲಿ ಹಾಸನದಲ್ಲೇ ಬಸ್ ಸಿಗತ್ತಾ ನೋಡ್ತೀನಿ, ಹಳೇಬೀಡು ಬಿಟ್ಟು ಬೇಲೂರು ಒಂದೇ ಮಾಡಿದ್ರೆ ಎಷ್ಟು ವಾಪಸ್ ಕೊಡ್ಬೇಕಾಗತ್ತೆ ಅಂತ ಆಫೀಸಿಗೆ ಕೇಳ್ತೀನಿ" ಅಂದ. ಅವನ ಮಾರ್ಕ್ಸ್‌ಕಾರ್ಡ್ ನೋಡ್ಲೇ ಇಲ್ಲ, ಸೋಮವಾರದಿಂದ ಬಾ ಅಂದೆ.